ಆ ನಮೂನೆ ತುಂಬಿದ ಅಕ್ಷರ ನನ್ನದು

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ಕಳೆದ ವರ್ಷ ಸರ್ಕಾರಿ ಶಾಲೆಯ ಕೆಲಸದಿಂದ ನಿವೃತ್ತಳಾದೆ. ಪೆನ್ಷನ್ ಕೈಗೆ ಬಂದ ಮೇಲಷ್ಟೇ ಹೀಗೆ ಬರೆಯುವ ಧೈರ್ಯ ಬಂದಿದೆ, ಕ್ಷಮಿಸಿ.

ಕೊನೆಯ ಹತ್ತಾರು ವರ್ಷ ನಾನಿದ್ದದ್ದು ನಲಿಕಲಿ ಕೋಣೆಯಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ನೆಲದ ಮೇಲೆ ಕೂತು, ಕಲಿಕೆಯ ಕಾರ್ಡು ಹಿಡಿದು, ಅವರವರ ಕಲಿಕೆಯ ಮೆಟ್ಟಿಲು ಅವರವರೇ ಹತ್ತುತ್ತಾರೆ. ಹದಿನೈದು ದಿನ ಜ್ವರದಲ್ಲಿ ಮಲಗಿದ್ದವನೂ ಬಿಟ್ಟಲ್ಲಿಂದಲೇ ಶುರುಮಾಡಬಹುದು.

ಅಲ್ಲಿ ಒಬ್ಬ ಹುಡುಗನಿದ್ದ. ಬುದ್ಧಿ ಬೆಳವಣಿಗೆ ನಿಧಾನ, ಮಾತು ತೊದಲು. ಓರಗೆಯವರು ಕಥೆ ಓದುವ ಹೊತ್ತಿಗೆ ಅವನಿನ್ನೂ ನಲಿಕಲಿಯ ಮೊದಲ ಅಕ್ಷರಗಳಾದ ‘ರ ಗ ಸ ದ ಅ’ದಲ್ಲಿದ್ದ. ಯಾರಿಗೂ ಅದು ವಿಶೇಷ ಅನಿಸಲಿಲ್ಲ, ಆ ಕೋಣೆಯಲ್ಲಿ ಎಲ್ಲರೂ ಒಂದೊಂದು ಕಡೆ ಇರುವವರೇ. ಕಾರ್ಡಿನ ಮೇಲಿನ ಹಕ್ಕಿ, ಪ್ರಾಣಿಗಳ ಗುರುತು ನೋಡಿ ಜೋಡಿಸಿಡುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ನಾನೇ ಅವನನ್ನು ಕೇಳುತ್ತಿದ್ದೆ.

ನಾಲ್ಕನೇ ತರಗತಿಗೆ ಹೋದ. ಅಲ್ಲಿ ಬೆಂಚು, ಕರಿಹಲಗೆ, ನಲವತ್ತು ಜನಕ್ಕೂ ಒಂದೇ ಪುಟ. ದಸರಾ ರಜೆಗೆ ಮೊದಲೇ ಅವನ ತಾಯಿ ಬಂದು, ‘ಮಿಸ್, ಮನೇಲೇ ಇಟ್ಕೊಳಿ ಅಂತಿದಾರೆ’ ಅಂದರು. ದಾಖಲಾತಿಯಲ್ಲಿ ಹೆಸರು ಉಳಿಯಿತು, ಹುಡುಗ ಗೃಹಾಧಾರಿತ ಶಿಕ್ಷಣದ ಪಟ್ಟಿಗೆ ಹೋದ. ಆ ನಮೂನೆ ತುಂಬಿದ ಅಕ್ಷರ ನನ್ನದೇ.

ಆಮೇಲೆ ಓದಿ ತಿಳಿದುಕೊಂಡೆ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ತೀವ್ರ ಅಥವಾ ಬಹುವಿಧ ಅಂಗವೈಕಲ್ಯದ ಮಗುವಿಗೆ ಮನೆಯಲ್ಲಿ ಕಲಿಯುವ ಆಯ್ಕೆ ಕೊಟ್ಟಿದೆ. ಆಯ್ಕೆ ಮಗುವಿನದು. ಶಾಲೆಗೆ ಕಷ್ಟವಾದಾಗ ಬಳಸುವ ಬಾಗಿಲಲ್ಲ ಅದು.

ಹಾಗೆಂದು ನಾಲ್ಕನೇ ತರಗತಿಯ ಮೇಷ್ಟ್ರನ್ನು ನಾನು ದೂರಲಾರೆ. ಅವರಿಗೆ ಜೊತೆಗಾರರೇ ಇರಲಿಲ್ಲ. ಇಂಥ ಮಕ್ಕಳ ಕಲಿಕೆಗೆ ನೆರವಾಗಲು ಶಾಲೆಯಿಂದ ಶಾಲೆಗೆ ಬರುವ ಬಿಐಇಆರ್‌ಟಿ ಸಂಪನ್ಮೂಲ ಶಿಕ್ಷಕರು ಇಡೀ ಬ್ಲಾಕಿಗೆ ಬೆರಳೆಣಿಕೆಯಷ್ಟು ಮಂದಿ. ಬಸ್ಸು ಹಿಡಿದು ನಮ್ಮೂರಿಗೆ ಬರುವಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆದಿರುತ್ತಿತ್ತು. ಹತ್ತು ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಪ್ರಾಥಮಿಕ ದಾಟಿದ ಮೇಲೆ ಹದಿನೈದಕ್ಕೊಬ್ಬರು ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ, ಹುದ್ದೆ ಮಂಜೂರು ಮಾಡಿ ಅಧಿಸೂಚನೆ ಹೊರಡಿಸಿ ಎಂದು ಎಲ್ಲ ರಾಜ್ಯಗಳಿಗೂ ಮತ್ತೆ ಆದೇಶಿಸಿತು.

ಆ ಹುದ್ದೆಗಳನ್ನು ತಾಲ್ಲೂಕು ಕೇಂದ್ರದಲ್ಲಿ ಇಡಬೇಡಿ ಸ್ವಾಮಿ, ಅಕ್ಕಪಕ್ಕದ ಕೆಲವು ಶಾಲೆಗಳ ಕ್ಲಸ್ಟರಿಗೆ ಇಳಿಸಿ. ನಾಲ್ಕು, ಐದನೇ ತರಗತಿಯಲ್ಲೂ ಇಂಥ ಮಕ್ಕಳು ಅವರ ಮೆಟ್ಟಿಲಿಂದಲೇ ಕಲಿಯಲು ಬಿಡಿ. ಕಾರ್ಡುಗಳು ಪಕ್ಕದ ಕೋಣೆಯಲ್ಲೇ ಇವೆ. ರ‍್ಯಾಂಪು ಕಟ್ಟಿಸಿದ್ದೀರಿ, ಸಂತೋಷ. ಈ ಹುಡುಗನಿಗೆ ನಡೆಯಲು ಚೆನ್ನಾಗಿಯೇ ಬರುತ್ತಿತ್ತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಅವನಿಗೆ 18 ತುಂಬುವವರೆಗೆ ಉಚಿತ ಶಿಕ್ಷಣವಿದೆ. ಅವನಿಗೀಗ 13.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ