ಗಿಟಾರ್ ಕೇಳಲು ಹೋದವರಿಗೆ ಭಾಷಣದ ಊಟ

ಮಾನ್ಯ ಸಂಪಾದಕರೇ,

ಶನಿವಾರ ಮಡಿಕೇರಿಯಲ್ಲಿ ನಡೆದ, ಸ್ಪೇನಿನ ಗಿಟಾರ್ ವಾದಕ ತಾರೆಗಾ ಸ್ಮರಣೆಯ ಗಿಟಾರ್ ಕಾರ್ಯಕ್ರಮದ ವರದಿ ಓದಿದೆ. ‘ಕಿಕ್ಕಿರಿದ ಸಭೆ’ ಅಂತೆ. ಕಿಕ್ಕಿರಿದಿದ್ದು ವೇದಿಕೆ. ನಿಮ್ಮ ಫೋಟೋದಲ್ಲಿ ದೀಪ ಹಚ್ಚುವವರೆಲ್ಲ ಇದ್ದಾರೆ, ನುಡಿಸಿದ ಹುಡುಗನ ಅರ್ಧ ತೋಳು ಮಾತ್ರ ಇದೆ.

ಆಹ್ವಾನದಲ್ಲಿ ಐದು ಗಂಟೆ ಎಂದಿತ್ತು. ವಿರಾಜಪೇಟೆಯಿಂದ ಆ ಗುಂಡಿ ರಸ್ತೆಯಲ್ಲಿ ಸೊಂಟ ನೋಯಿಸಿಕೊಂಡು ಬಂದು, ಗಾಡಿ ನಿಲ್ಲಿಸಲು ಜಾಗ ಸಿಗದೆ ಎಲ್ಲೋ ಬಿಟ್ಟು, ಮಳೆಯಲ್ಲಿ ನೆನೆದು ಕೂತರೆ ಮುಖ್ಯ ಅತಿಥಿಗಳು ದಯಮಾಡಿಸಿದ್ದು ಏಳಕ್ಕೆ. ಶೌಚಾಲಯಕ್ಕೆ ಬೀಗ. ಕೀಲಿ ಇರುವವರು ರಜೆಯಂತೆ!

ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ಪೇಟ. ಒಬ್ಬ ಅಧಿಕಾರಿಗಳಂತೂ ‘ನೋಕಿಯಾ ಕಂಪನಿಗೆ ಟ್ಯೂನ್ ಮಾಡಿಕೊಟ್ಟ ಮಹನೀಯರು’ ಎಂದು ಕೊಂಡಾಡಿದರು. ಸ್ವಾಮಿ, ಫ್ರಾನ್ಸಿಸ್ಕೋ ತಾರೆಗಾ ತೀರಿಕೊಂಡದ್ದು 1909ರಲ್ಲಿ. 1902ರ ಅವರ ‘ಗ್ರಾನ್ ವಾಲ್ಸ್’ ಎಂಬ ಗಿಟಾರ್ ರಚನೆಯ ಒಂದು ತುಣುಕನ್ನು ಕಂಪನಿಯವರು 1990ರ ದಶಕದಲ್ಲಿ ಮೊಬೈಲ್ ರಿಂಗ್‌ಟೋನ್‌ಗೆ ಎತ್ತಿಕೊಂಡರು, ಅಷ್ಟೇ. ಸತ್ತವರ ಕೈಲಿ ಕೆಲಸ ಮಾಡಿಸುವುದು ನಿಮ್ಮ ಕಡತಗಳಲ್ಲಿ ನಡೆದೀತು, ಸಂಗೀತದಲ್ಲಿ ನಡೆಯುವುದಿಲ್ಲ.

ಹೇಳಬೇಕೆಂದಿದ್ದರೆ ಹೇಳಲು ಎಷ್ಟಿತ್ತು! ಸ್ಪೇನಿನ ವಿಲ್ಲಾರಿಯಲ್‌ನಲ್ಲಿ 1852ರಲ್ಲಿ ಹುಟ್ಟಿದವರು, ಚಿಕ್ಕವರಿದ್ದಾಗ ನೀರಿನ ಕಾಲುವೆಗೆ ಬಿದ್ದು ಕಣ್ಣು ಕೆಡಿಸಿಕೊಂಡವರು. 1874ರಲ್ಲಿ ಮ್ಯಾಡ್ರಿಡ್‌ನ ಸಂಗೀತ ಶಾಲೆ ಸೇರಿದರು. ಆಗ ಗಿಟಾರ್ ಎಂದರೆ ಪಿಯಾನೋದ ಮುಂದೆ ಯಾರೂ ಲೆಕ್ಕಕ್ಕಿಡದ ವಾದ್ಯ. ಬಾಖ್, ಶೋಪಾನ್‌ರಂಥ ಯುರೋಪಿನ ಹಿರಿಯ ಸಂಗೀತಗಾರರ ರಚನೆಗಳನ್ನೆಲ್ಲ ಆರು ತಂತಿಗೆ ಇಳಿಸಿದರು. ಯೋಬೆಟ್, ಪುಜೋಲ್‌ರಂಥ ಶಿಷ್ಯರನ್ನು ಬೆಳೆಸಿದರು. ಕೊನೆಗಾಲದಲ್ಲಿ ಉಗುರು ಬಿಟ್ಟು ಬರೀ ಬೆರಳ ತುದಿಯಿಂದ ನುಡಿಸುತ್ತಿದ್ದರು. ಅಷ್ಟು ಮೆಲುದನಿ. ಅವರಿಗೆ ದೊಡ್ಡ ಸಭೆಗಿಂತ ನಾಲ್ಕು ಜನ ಕೂತು ಕೇಳುವ ಕೋಣೆಯೇ ಇಷ್ಟವಿತ್ತು.

ಭಾಷಣಗಳು ಮುಗಿದು ಕೊನೆಗೂ ಅಂಥವರ ‘ಅಲ್ಹಾಂಬ್ರದ ನೆನಪುಗಳು’ ಎಂಬ ರಚನೆ ಶುರುವಾಯಿತು. ಹೆಬ್ಬೆರಳು ಕೆಳಸ್ವರ ಹಿಡಿದು ನಡೆಯುತ್ತಿರುತ್ತದೆ, ಉಳಿದ ಮೂರು ಬೆರಳು ಒಂದೇ ತಂತಿಯನ್ನು ಬಿಡದೆ ಮೀಟುತ್ತವೆ. ಕಣ್ಣು ಮುಚ್ಚಿದರೆ ಇಬ್ಬರು ನುಡಿಸುತ್ತಿದ್ದಾರೆ ಅನಿಸಬೇಕು. ಅನಿಸುವಷ್ಟರಲ್ಲಿ ಕರೆಂಟ್ ಹೋಯಿತು. ಜನರೇಟರ್ ಹಾಕಿದರು ನೋಡಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಪಕ್ಕ ಕೂತಂತಾಯಿತು. ಹುಡುಗ ನಿಲ್ಲಿಸಲಿಲ್ಲ, ಪುಣ್ಯಾತ್ಮ. ಮುಗಿದದ್ದೇ ತಡ, ನಿರೂಪಕರು ‘ಸಮಯದ ಅಭಾವದಿಂದ’ ಎಂದು ವಂದನಾರ್ಪಣೆಗೆ ಕರೆದರು. ಎರಡು ಗಂಟೆ ನಮ್ಮನ್ನು ಕಾಯಿಸಿದವರಿಗೆ ಸಮಯದ ಅಭಾವ!

ಕರೆಂಟಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮ ಕಡೆಯ ಟ್ರಾನ್ಸ್‌ಫಾರ್ಮರ್ ಬಗ್ಗೆ ಕೊಟ್ಟ ಅರ್ಜಿ ಏನಾಯಿತು? ತೋಟಕ್ಕೆ ಆನೆ ನುಗ್ಗಿದ ಪರಿಹಾರದ ಕಾಗದ ಯಾವ ಮೇಜಿನ ಕೆಳಗಿದೆ? ಮದುವೆಯಲ್ಲಿ ವಾಲಗ ಊದಿ ಊದಿ ಮುದುಕರಾದವರು ಮಾಸಾಶನಕ್ಕೆ ಕಚೇರಿ ಮೆಟ್ಟಿಲು ಸವೆಸುತ್ತಿದ್ದಾರೆ. ಅವರಿಗೆ ಬೇಕಾದ ಸಹಿ ಹಾಕಲು ಪುರುಸೊತ್ತಿಲ್ಲದವರು ಸ್ಪೇನಿನವರ ಸ್ಮರಣೆಗೆ ಹಾರ ಹಾಕಿಸಿಕೊಳ್ಳಲು ಓಡಿ ಬರುತ್ತಾರೆ.

ಸಂಬಂಧಪಟ್ಟವರು ಇನ್ನಾದರೂ ಗಮನ ಹರಿಸಲಿ. ಭಾಷಣಕ್ಕೆ ಮಿತಿ ಹಾಕಲಿ, ಜನರೇಟರನ್ನು ದೂರ ಇಡಲಿ, ರಸ್ತೆಯನ್ನೂ ನೋಡಲಿ. ಆಗದಿದ್ದರೆ ನೇರವಾಗಿ ಶಾಲು ಹೊದಿಸುವ ಕಾರ್ಯಕ್ರಮ ಎಂದೇ ಅಚ್ಚು ಹಾಕಿಸಿ, ನಾವು ಮನೆಯಲ್ಲೇ ಇರುತ್ತೇವೆ.

– ನೊಂದ ಶ್ರೋತೃ, ವಿರಾಜಪೇಟೆ