ತೋಟದ ಅಳತೆ ಇನ್ನು ನಕಾಶೆಯ ಮೇಲೆ, ನಿಮ್ಮ ಎದುರೇ

ಸಂಘದ ಸದಸ್ಯರಿಗೂ ಡ್ರಿಪ್ ಗ್ರಾಹಕರಿಗೂ ನಮಸ್ಕಾರ.

ಈ ಹಂಗಾಮಿನಿಂದ ಡ್ರಿಪ್, ಸ್ಪ್ರಿಂಕ್ಲರ್ ಎಸ್ಟಿಮೇಟಿಗೆ ತೋಟದ ಅಳತೆಯನ್ನು ಮೊದಲು ಕಂಪ್ಯೂಟರಿನ ನಕಾಶೆಯ ಮೇಲೆ ಮಾಡುತ್ತೇವೆ. ಬಳಸುವುದು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ. ಪೈಪಿಗೆ ದುಡ್ಡು ಕೊಡುವವರು ನೀವು. ಎಷ್ಟು ಪೈಪು ಬೇಕೆಂಬ ಲೆಕ್ಕ ಎಲ್ಲಿಂದ ಬಂತೆಂದು ನಿಮಗೆ ಕಾಣಬೇಕು. ಬದಲಾವಣೆಗೆ ಕಾರಣ ಇಷ್ಟೇ.

ಆಫೀಸಿಗೆ ಬಂದರೆ ಮೌಸನ್ನು ನಿಮ್ಮ ಕೈಗೇ ಕೊಡುತ್ತೇವೆ. ಅದರ ಚಕ್ರ ತಿರುಗಿಸಿದರೆ ನಕಾಶೆ ಹಿಗ್ಗುತ್ತದೆ, ಕುಗ್ಗುತ್ತದೆ. ಕೈ ಗುರುತಿನ ಬಟನ್ ಒತ್ತಿ ಎಳೆದರೆ ಸರಿಯುತ್ತದೆ. ಎಲ್ಲಿದ್ದೇವೆಂದು ತಿಳಿಯದಾದರೆ ‘ಜೂಮ್ ಲಾಸ್ಟ್’ ಒತ್ತಿ, ಹಿಂದಿನ ನೋಟ ಬರುತ್ತದೆ. ಮೇಲಿನಿಂದ ಅಡಿಕೆ ತೋಟಗಳೆಲ್ಲ ಒಂದೇ ಥರ ಕಾಣುವುದರಿಂದ ಕೆರೆ, ದೇವಸ್ಥಾನ, ರಸ್ತೆಯ ತಿರುವು ಹಿಡಿದು ಹೋಗುವುದು ಒಳ್ಳೆಯದು. ತೋಟ ಸಿಕ್ಕ ಮೇಲೆ ‘ಮೆಷರ್ ಏರಿಯಾ’ ತೆಗೆದು ಒಂದೊಂದೇ ಮೂಲೆಗೆ ಕ್ಲಿಕ್ ಮಾಡುತ್ತ ಬನ್ನಿ. ಬಲ ಬಟನ್ ಒತ್ತಿದರೆ ಅಳತೆ ಮುಗಿಯಿತು. ಬಾವಿಯಿಂದ ತೋಟಕ್ಕೆ ಮೇನ್ ಪೈಪಿನ ದೂರ ಬೇಕಿದ್ದರೆ ‘ಮೆಷರ್ ಲೈನ್’.

ಬಂದ ಅಂಕಿಯನ್ನು ಓದುವಾಗ ಮಾತ್ರ ದಯವಿಟ್ಟು ನಿಧಾನಿಸಿ. ಪಹಣಿಯಲ್ಲಿ 2.14 ಎಂದಿದ್ದರೆ 2 ಎಕರೆ 14 ಗುಂಟೆ. ಕಂಪ್ಯೂಟರಿಗೆ ಗುಂಟೆ ಗೊತ್ತಿಲ್ಲ, ಅದು ಎಕರೆಯನ್ನು ದಶಮಾಂಶದಲ್ಲಿ ಹೇಳುತ್ತದೆ. ಅದೇ ಜಮೀನು ಅಲ್ಲಿ 2.35 ಎಕರೆ ಎಂದು ಬರುತ್ತದೆ. ಚುಕ್ಕಿಯ ನಂತರದ ಭಾಗವನ್ನು 40ರಿಂದ ಗುಣಿಸಬೇಕು: 0.35ಕ್ಕೆ 14 ಗುಂಟೆ. ಇದನ್ನು ತಿಳಿಯದೆ ಅಣ್ಣತಮ್ಮಂದಿರ ನಡುವೆ ‘ನಿನ್ನ ಪಾಲು ಹೆಚ್ಚು, ನನ್ನದು ಕಡಿಮೆ’ ಎಂಬ ಮಾತು ಹುಟ್ಟಬಾರದು. ಅದಕ್ಕೇ ನಾವು ಕೊಡುವ ಹಾಳೆಯಲ್ಲಿ ಇನ್ನು ಎರಡೂ ಲೆಕ್ಕ ಅಕ್ಕಪಕ್ಕ ಇರುತ್ತವೆ.

ಮನೆಯಲ್ಲೇ ಅಳೆದು ನೋಡುವವರಿಗೆ ಇನ್ನೊಂದು ಮಾತು. ಅಳತೆಯ ಕಿಟಕಿಯಲ್ಲಿ ‘ಕಾರ್ಟೀಷಿಯನ್’, ‘ಎಲಿಪ್ಸಾಯ್ಡಲ್’ ಎಂಬ ಎರಡು ಆಯ್ಕೆಗಳಿವೆ. ಮೊದಲನೆಯದು ನಕಾಶೆಯನ್ನು ಚಪ್ಪಟೆ ಹಾಳೆಯೆಂದೇ ಅಳೆಯುತ್ತದೆ, ಎರಡನೆಯದು ಭೂಮಿಯ ದುಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎರಡನೆಯದನ್ನೇ ಆರಿಸಿ. ಅಂತರ್ಜಾಲದ ಉಪಗ್ರಹ ಚಿತ್ರಗಳು ಸಾಮಾನ್ಯವಾಗಿ ಬರುವ ವೆಬ್ ಮರ್ಕೇಟರ್ ಪ್ರಕ್ಷೇಪದಲ್ಲಿ (ದುಂಡು ಭೂಮಿಯನ್ನು ಚಪ್ಪಟೆಯಾಗಿ ಬಿಡಿಸುವ ಒಂದು ವಿಧಾನ), ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ನೆಲ ಹಿಗ್ಗಿ ಕಾಣುತ್ತದೆ. ಹಾಗಾಗಿ ‘ಕಾರ್ಟೀಷಿಯನ್’ ಆರಿಸಿದರೆ ಸಾಗರ, ಶಿರಸಿಯ ಅಕ್ಷಾಂಶದಲ್ಲಿ ವಿಸ್ತೀರ್ಣ ಶೇ 6–7ರಷ್ಟು ಹೆಚ್ಚು ಬರುತ್ತದೆ, ಅಂದರೆ ಎಕರೆಗೆ ಎರಡೂವರೆ ಗುಂಟೆಗೂ ಮೀರಿ. ಇಲ್ಲದ ಜಾಗಕ್ಕೆ ಯಾರೂ ಪೈಪು ಕೊಳ್ಳುವುದು ಬೇಡ.

ಟೇಪನ್ನು ನಾವು ಬಿಟ್ಟಿಲ್ಲ. ನಕಾಶೆ ಅಳೆಯುವುದು ಮಟ್ಟಸ ದೂರವನ್ನು. ನಮ್ಮ ತೋಟಗಳೋ ಇಳಿಜಾರಿನವು. 20 ಡಿಗ್ರಿ ಇಳಿಜಾರಿನಲ್ಲಿ ನಕಾಶೆಯ 100 ಮೀಟರಿಗೆ ನೆಲದ ಮೇಲೆ 106 ಮೀಟರ್ ಪೈಪು ಬೇಕು. ಮರಗಳ ನೆತ್ತಿಯ ಕೆಳಗಿನ ಬಸಿಗಾಲುವೆಯೂ ಚಿತ್ರದಲ್ಲಿ ಕಾಣದು. ಹಾಗಾಗಿ ಆರ್ಡರ್ ಪಕ್ಕಾ ಆಗುವ ಮೊದಲು ನಮ್ಮ ಹುಡುಗರು ಎಂದಿನಂತೆ ಬಂದು ಮೇನ್ ಪೈಪಿನ ದಾರಿಯನ್ನು ಟೇಪಿನಲ್ಲಿ ಅಳೆಯುತ್ತಾರೆ. ಅದಕ್ಕೆ ಬೇರೆ ಶುಲ್ಕವಿಲ್ಲ.

ಈ ಅಳತೆ ಪೈಪಿನ ಲೆಕ್ಕಕ್ಕೆ ಮಾತ್ರ. ಉಪಗ್ರಹ ಚಿತ್ರ ನೆಲದ ನಿಜ ಜಾಗದಿಂದ ಕೆಲವು ಮೀಟರ್ ಸರಿದಿರುವುದುಂಟು; ಎಷ್ಟು ಹತ್ತಿರಕ್ಕೆ ಹಿಗ್ಗಿಸಿದರೂ ಆ ವ್ಯತ್ಯಾಸ ಹೋಗುವುದಿಲ್ಲ. ಬೇಲಿ, ಗಡಿ, ಪಾಲುಪಟ್ಟಿಗೆ ಸರ್ಕಾರಿ ಸರ್ವೆಯರ ಅಳತೆಯೇ ಆಧಾರ. ನಮ್ಮ ಹಾಳೆಯನ್ನು ಅಂಥ ಮಾತುಕತೆಗೆ ಒಯ್ಯಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇವೆ.

ಬರುವಾಗ ಪಹಣಿ, ಸಾಧ್ಯವಾದರೆ ಸರ್ವೆ ನಕ್ಷೆಯ ಪ್ರತಿ ತನ್ನಿ. ತೋಟದ ಮೂಲೆಗಳನ್ನು ಚೆನ್ನಾಗಿ ಬಲ್ಲ ಮನೆಯ ಹಿರಿಯರೊಬ್ಬರು ಜೊತೆಗಿದ್ದರೆ ಇನ್ನೂ ಅನುಕೂಲ. ಪೆನ್‌ಡ್ರೈವ್ ತಂದವರಿಗೆ ಅವರ ತೋಟದ ನಕಾಶೆಯ ಫೈಲನ್ನೂ ಹಾಕಿಕೊಡುತ್ತೇವೆ.

ಇತಿ ನಿಮ್ಮ ವಿಶ್ವಾಸಿಗಳು,
ನೀರಾವರಿ ವಿಭಾಗ