ಹಬ್ಬ ಮುಗಿಯೋ ಮೊದಲೇ ದುಡ್ಡು ಕೈಗೆ ಸೇರ್ಬೇಕು

ನವೆಂಬರ್ ಬಂತು ಅಂದ್ರೆ ಬೆಂಗಳೂರಲ್ಲಿ ಯಾವ ಏರಿಯಾಗೆ ಹೋದ್ರೂ ಶಾಮಿಯಾನ, ಆರ್ಕೆಸ್ಟ್ರಾ, ಹಳದಿ ಕೆಂಪು ಬಾವುಟ, ಆಟೋ ಸ್ಟ್ಯಾಂಡ್‌ನಲ್ಲಿ ಭುವನೇಶ್ವರಿ ಫೋಟೋಗೆ ಹಾರ, ಒಂದನೇ ತಾರೀಕಿಗೆ ಮುಗಿಯೋ ಮಾತೇ ಇಲ್ಲ, ತಿಂಗಳು ಪೂರ್ತಿ ರಾಜ್ಯೋತ್ಸವ. ವಾಟ್ಸಾಪ್‌ನಲ್ಲಿ ಬರೋ ಆ ವಿಡಿಯೋ ನೋಡಿದ್ರೆ ವಿದೇಶದಲ್ಲಿರೋ ನಮಗೆಲ್ಲ ಕಣ್ಣು ತುಂಬುತ್ತೆ. ನಮ್ಮ ಸಂಘದ ಪತ್ರಿಕೆಯ ಈ ಸಂಚಿಕೆಯಲ್ಲಿ ನಾನು ಬರೀಬೇಕು ಅಂತಿರೋದು ಮಾತ್ರ ಆ ವಿಡಿಯೋದಲ್ಲಿ ಡೊಳ್ಳು ಹೊಡೀತಿರೋ ಹುಡುಗರ ದುಡ್ಡಿನ ವಿಷ್ಯ.

ಮೆರವಣಿಗೆಗೆ ಡೊಳ್ಳು, ಪೂಜಾ ಕುಣಿತ, ವೀರಗಾಸೆ, ಕಂಸಾಳೆ ಬೇಕು ಅಂದಾಗ ಆಯೋಜಕರು ಇವೆಂಟ್‌ನವರಿಗೆ ಹೇಳ್ತಾರೆ, ಅವರು ಮತ್ತೊಬ್ಬರಿಗೆ, ಅವರು ತಂಡದ ಯಜಮಾನರಿಗೆ ಫೋನ್ ಮಾಡ್ತಾರೆ, ಅಷ್ಟೊತ್ತಿಗೆ ದುಡ್ಡು ಮೂರು ಕೈ ದಾಟಿ ಕರಗಿರುತ್ತೆ. ಮಂಡ್ಯ, ಚಾಮರಾಜನಗರದ ಕಡೆಯಿಂದ ರಾತ್ರಿ ಬಸ್ ಹತ್ತಿ ಬಂದು ಬಿಸಿಲಲ್ಲಿ ಕುಣಿದವರಿಗೆ ಬಸ್‌ಚಾರ್ಜು ಕೈಯಿಂದಾನೇ ಹೋಗಿರುತ್ತೆ, ಪೇಮೆಂಟ್ ಕೇಳಿದ್ರೆ ಬಿಲ್ ಇನ್ನೂ ಪಾಸ್ ಆಗಿಲ್ಲ ಸ್ವಲ್ಪ ತಡ್ಕೊಳ್ಳಿ ಅಂತಾರೆ. ಶಾಮಿಯಾನದವನಿಗೆ, ಸೌಂಡು ಲೈಟಿನವನಿಗೆ ಅಡ್ವಾನ್ಸ್ ಕೊಡದೆ ಕಂಬವೂ ನಿಲ್ಲಲ್ಲ, ಕಲಾವಿದರಿಗೆ ಮಾತ್ರ ಶಾಲು ಹೊದಿಸಿ ಆಮೇಲೆ ನೋಡೋಣ. ನನಗೆ ಇದು ಅನ್ಯಾಯ ಅಂತ್ಲೇ ಅನ್ಸುತ್ತೆ, ಬೇರೆ ಮೆತ್ತಗಿನ ಮಾತು ಹುಡುಕಲ್ಲ.

ಇದೇ ಊರಲ್ಲಿ ಬೇರೆ ದಾರಿನೂ ಇದೆ. 2003ರಿಂದ ಚಿತ್ರಕಲಾ ಪರಿಷತ್ತಿನವರು ಮಾಡ್ಕೊಂಡು ಬಂದಿರೋ ಚಿತ್ರಸಂತೆ ತಗೊಳ್ಳಿ, ಒಂದು ಭಾನುವಾರ ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರಗಳೇ, ಬರೆದವರು ಪಕ್ಕದಲ್ಲೇ ನಿಂತಿರ್ತಾರೆ, ಕೊಳ್ಳೋರು ಅವರ ಕೈಗೇ ದುಡ್ಡು ಕೊಡ್ತಾರೆ. ಪಾಟರಿ ಟೌನ್‌ನ ಕುಂಬಾರರೂ ಅಷ್ಟೇ, ಗಣೇಶನ ಹಬ್ಬಕ್ಕೆ ತಿಂಗಳುಗಟ್ಟಲೆ ಮೊದಲೇ ಜೇಡಿಮಣ್ಣು ಹದ ಮಾಡೋಕೆ ಶುರು ಮಾಡ್ತಾರೆ, ಅಲ್ಲಿಗೆ ಹೋಗಿ ಅಡ್ವಾನ್ಸ್ ಕೊಟ್ಟು ಬುಕ್ ಮಾಡಿದ್ರೆ ಅವರಿಗೆ ಮಣ್ಣಿಗೆ ಸಾಲ ಮಾಡೋದು ತಪ್ಪುತ್ತೆ. ನಮ್ಮಲ್ಲಿ ಎಷ್ಟೋ ಜನ ಊರಿಗೆ ಹೋದಾಗ ಹಬ್ಬದ ಹಿಂದಿನ ದಿನ ಚೌಕಾಸಿ ಮಾಡಿ ತರೋದು, ದಯವಿಟ್ಟು ಬೇಡ.

ಇನ್ನು ಹಬ್ಬ ಮುಗಿದ ಮೇಲಿನ ಕೆಲಸ. ಕಾರ್ತಿಕದ ಕೊನೇ ಸೋಮವಾರದ ಕಡಲೆಕಾಯಿ ಪರಿಷೆ ಆದ್ಮೇಲೆ ಬುಲ್ ಟೆಂಪಲ್ ರೋಡ್ ನೋಡಿದವರಿಗೆ ಗೊತ್ತು, ಕರಗದ ರಾತ್ರಿ ಕಳೆದ್ಮೇಲೆ ತಿಗಳರಪೇಟೆ, ಹೊಸ ವರ್ಷದ ಬೆಳಗ್ಗೆ ಎಂಜಿ ರೋಡು, ಬ್ರಿಗೇಡ್ ರೋಡು, ಎಲ್ಲಾ ಕಡೆ ನಾವು ಮಲಗಿರುವಾಗ ಗುಡಿಸೋರು ಪೌರಕಾರ್ಮಿಕರು, ಹೆಚ್ಚಿನವರು ಹೆಂಗಸರು. ಗುತ್ತಿಗೆದಾರರ ಕೈಕೆಳಗೆ ವರ್ಷಗಟ್ಟಲೆ ದುಡಿದು, ಎಷ್ಟೋ ಸಲ ಮುಷ್ಕರ ಕೂತು, ಆಮೇಲೆ ಗುತ್ತಿಗೆದಾರರನ್ನ ಬಿಟ್ಟು ಪಾಲಿಕೆಯಿಂದಲೇ ನೇರ ವೇತನ ಬಂದು, ಕೊನೆಗೆ 2025ರ ಮೇ 1ರಂದು 12,692 ಜನರಿಗೆ ಕಾಯಂ ನೇಮಕಾತಿ ಪತ್ರ ಸಿಕ್ತು. ಆ ಸುದ್ದಿ ಓದಿದ ದಿನ ನಂಗೆ ಆದ ಖುಷಿ ಯಾವ ಉತ್ಸವಕ್ಕೂ ಕಮ್ಮಿ ಇರ್ಲಿಲ್ಲ. ಕಸದ ಆಟೋ ಡ್ರೈವರ್‌ಗಳು, ಲೋಡರ್‌ಗಳು ಆ ಪಟ್ಟಿಯಲ್ಲಿ ಇರ್ಲಿಲ್ಲ ಅನ್ನೋದನ್ನೂ ಮರೀಬಾರದು.

ಅದೇ ವರ್ಷ ಕರ್ನಾಟಕ ಗಿಗ್ ಕಾರ್ಮಿಕರಿಗೂ, ಅಂದ್ರೆ ಆ್ಯಪ್ ಮೂಲಕ ಕೆಲಸ ಸಿಗೋರಿಗೂ, ಕಾನೂನು ಮಾಡ್ತು, ಊಟ ತಂದುಕೊಡೋ ಹುಡುಗರು, ಕ್ಯಾಬ್ ಓಡಿಸೋರಿಗೆ ಕೊಡೋ ಹಣದ ಮೇಲೆ ಕಂಪನಿಗಳು ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಒಳ್ಳೇದೇ. ಆದ್ರೆ ತಮಟೆಯವರನ್ನ ಯಾವ ಆ್ಯಪ್ ಕೂಡ ಕರೆಯಲ್ಲ, ಕರೆಯೋದು ಒಂದು ಫೋನ್ ಕಾಲು, ಹಾಗಾಗಿ ಈ ಕಾನೂನು ಅವರ ಹತ್ರ ಬರೋದೇ ಇಲ್ಲ, ಅವರ ಪಾಲಿಗೆ ಕಾನೂನು ಅಂದ್ರೆ ಕರೆದವರ ಮನಸ್ಸಾಕ್ಷಿ ಅಷ್ಟೇ.

ಕರೆಯೋರಲ್ಲಿ ನಮ್ಮಂಥ ಸಂಘಗಳೂ ಇದಾವೆ. ಊರಿಂದ ತಂಡ ಕರೆಸ್ತೀವಿ, ಟಿಕೆಟ್ ನಮ್ಮದು, ಊಟ ನಮ್ಮದು, ವಿದೇಶ ತೋರಿಸ್ತೀವಿ ಅಂತೀವಿ. ಅವರ ಕಡೆಯಿಂದ ಲೆಕ್ಕ ಹಾಕಿ ನೋಡಿ, ನವೆಂಬರ್ ಅಂದ್ರೆ ಅವರ ದುಡಿಮೆಯ ತಿಂಗಳು, ನಮಗೆ ಡೇಟ್ ಕೊಟ್ಟ ದಿನಗಳಲ್ಲಿ ಬೆಂಗಳೂರಿನ ಪ್ರೋಗ್ರಾಂ ಎಲ್ಲಾ ಬಿಡಬೇಕು, ವೀಸಾ ಸಿಗದಿದ್ರೆ ಆ ಫೀಸೂ ಹೋಯ್ತು ಬಿಟ್ಟ ಪ್ರೋಗ್ರಾಮೂ ಹೋಯ್ತು. ಅದಕ್ಕೇ ಸಮಿತಿ ಮುಂದೆ ನಾನು ಇಡ್ತಿರೋದು ಇಷ್ಟು: ಒಪ್ಪಿಕೊಂಡ ದಿನವೇ ಅರ್ಧ ದುಡ್ಡು, ಉಳಿದಿದ್ದು ಅವರು ಇಲ್ಲಿಂದ ವಿಮಾನ ಹತ್ತೋ ಮೊದಲು, ವೀಸಾ ಫೀಸು ಸಂಘದ್ದು, ವೀಸಾ ಸಿಗದೇ ಹೋದ್ರೆ ಆ ಅರ್ಧ ವಾಪಸ್ ಕೇಳೋ ಹಾಗಿಲ್ಲ. ಬೆಂಗಳೂರಲ್ಲಿ ಕೂತು ನಮ್ಮ ಪೋಸ್ಟರ್ ಮಾಡಿಕೊಡೋ, ಈ ಪುಟ ಜೋಡಿಸೋ ಹುಡುಗ ಹುಡುಗಿಯರಿಗೂ ಇದೇ ನಿಯಮ, ಜೊತೆಗೆ ಅವರು ಒಪ್ಪಿದ್ರೆ ಹೆಸರು ಹಾಕಬೇಕು. ಇದರಿಂದ ಬಜೆಟ್‌ಗೆ ಪೆಟ್ಟು ಬೀಳೋದು ನಿಜ, ಎರಡು ತಂಡದ ಬದಲು ಒಂದೇ ತಂಡ ಕರೆಸಬೇಕಾಗ್ಬಹುದು, ನನ್ನ ವೋಟು ಒಂದು ತಂಡಕ್ಕೇ. ವಾರ್ಷಿಕ ಸಭೆಯಲ್ಲಿ ಈ ವಿಷ್ಯ ಚರ್ಚೆಗೆ ಬರುತ್ತೆ, ಒಪ್ಪೋರೂ ಬನ್ನಿ, ಒಪ್ಪದವರೂ ಬನ್ನಿ.